ಡ್ಯಾಕ್ ಕೊಳ್ಳುವ ಮೊದಲು ಆಂಪ್ಲಿಫೈಯರ್ ಬೆನ್ನು ತಿರುಗಿಸಿ ನೋಡಿ

ಹೊಸ ಟಿವಿ ಮನೆಗೆ ಬರುತ್ತದೆ. ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಅದರ ಜೋಡಿ ಸ್ಪೀಕರ್ ಇನ್ನೂ ಗಟ್ಟಿಮುಟ್ಟಾಗಿವೆ. ಆದರೆ ಟಿವಿಯ ಹಿಂದೆ ಕೆಂಪು-ಬಿಳಿ ಆರ್‌ಸಿಎ ಸಾಕೆಟ್ಟೇ ಇಲ್ಲ. ಇರುವುದು ಒಂದು ಆಪ್ಟಿಕಲ್, ಎರಡೋ ಮೂರೋ ಎಚ್‌ಡಿಎಂಐ. ಫೋನಿನ ಹೆಡ್‌ಫೋನ್ ಜಾಕ್ ಮಾಯವಾಗಿ ವರ್ಷಗಳೇ ಆದವು. ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಅಂದರೆ ಡ್ಯಾಕ್, ಬೇಕೆನಿಸುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ. ಹುಡುಕಲು ಹೊರಟರೆ ಕೆಲವು ನೂರು ರೂಪಾಯಿಯ ಕಪ್ಪು ಡಬ್ಬಿಯಿಂದ ಹಿಡಿದು ಲಕ್ಷ ದಾಟಿದ ಪೆಟ್ಟಿಗೆಯವರೆಗೆ ಎಲ್ಲವೂ ಇದೇ ಹೆಸರಿನಲ್ಲಿ ಸಿಗುತ್ತವೆ, ಎಲ್ಲದರ ಮೇಲೂ ಒಳಗಿನ ಚಿಪ್ಪಿನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಆ ಹೆಸರನ್ನು ಕೊನೆಯಲ್ಲಿ ನೋಡಿದರೆ ಸಾಕು. ಯಾವ ಸಾಕೆಟ್ಟಿನಿಂದ ಯಾವ ಸಾಕೆಟ್ಟಿಗೆ, ಎಷ್ಟು ವೋಲ್ಟ್, ವಾಲ್ಯೂಮ್ ಯಾವುದರ ಕೈಯಲ್ಲಿ, ಅರ್ತ್ ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಅನ್ನುವುದು ಮೊದಲು ಇತ್ಯರ್ಥವಾಗಬೇಕು. ಮನೆಗೆ ತಂದ ಡ್ಯಾಕ್ ವಾರದೊಳಗೆ ವಾಪಸು ಹೋಗುವುದು ಈ ನಾಲ್ಕರಲ್ಲಿ ಒಂದು ಎಡವಿದಾಗಲೇ.

ಬೇಕೇ ಬೇಕಾ?

ಫೋನ್, ಲ್ಯಾಪ್‌ಟಾಪ್, ಟಿವಿ, ಸಿಡಿ ಪ್ಲೇಯರ್, ಬ್ಲೂಟೂತ್ ಸ್ಪೀಕರ್, ಎಲ್ಲದರ ಹೊಟ್ಟೆಯಲ್ಲೂ ಒಂದು ಡ್ಯಾಕ್ ಈಗಾಗಲೇ ಇದೆ. ಸೆಕೆಂಡಿಗೆ 44,100 ಸಲ ಬರೆದಿಟ್ಟ ಅಂಕಿಗಳನ್ನು ಏರಿಳಿಯುವ ವೋಲ್ಟೇಜಾಗಿ ತಿರುಗಿಸುವುದು ಅದರ ಕೆಲಸ. 1982ರಲ್ಲಿ ಸಿಡಿ ಬಂದಾಗ ಇದು ಕಷ್ಟದ ಕೆಲಸವಾಗಿತ್ತು. ಇಂದು ಫೋನಿಗೆ ಸಿಕ್ಕಿಸುವ ಕೆಲವು ಸಾವಿರದ ಪುಟ್ಟ ಡಾಂಗಲ್ ಕೂಡ ಆ ಕಾಲದ ದುಬಾರಿ ಯಂತ್ರಗಳಿಗಿಂತ ಚೊಕ್ಕವಾಗಿ ಮಾಡುತ್ತದೆ. ಹಾಗಾಗಿ ಹೊರಗಿನಿಂದ ಇನ್ನೊಂದನ್ನು ತರಲು ಕಾರಣ ಬೇಕು. ಔಟ್‌ಪುಟ್ ಸಾಕೆಟ್ಟೇ ಇಲ್ಲ, ಇದ್ದದ್ದರಲ್ಲಿ ಸುಸ್ ಅಥವಾ ಗುಂಯ್ ಕೇಳುತ್ತದೆ, ಸದ್ದಿನ ಮಟ್ಟ ಸಾಲದು, ಇವು ಕಾರಣಗಳು. ‘ಹಾಡು ಸ್ವಲ್ಪ ಜೀವಂತವಾಗಲಿ’ ಎಂಬುದು ಕಾರಣವಲ್ಲ. ಆ ಹಣ ಸ್ಪೀಕರಿಗೆ, ಅಥವಾ ಸ್ಪೀಕರನ್ನು ಗೋಡೆಯ ಮೂಲೆಯಿಂದ ಈಚೆಗೆ ತರುವ ಎರಡು ಸ್ಟ್ಯಾಂಡಿಗೆ ಹೋದರೆ ವ್ಯತ್ಯಾಸ ಅಡುಗೆಮನೆಗೂ ಕೇಳಿಸುತ್ತದೆ.

ಕೆಲವು ಮನೆಗಳಲ್ಲಿ ಡ್ಯಾಕ್ ಪೂರ್ತಿ ದಂಡ. ಎವಿ ರಿಸೀವರ್ (ಹೋಂ ಥಿಯೇಟರಿನ ಆಂಪ್ಲಿಫೈಯರ್) ಇದ್ದರೆ ಅದರೊಳಗೆ ಏಳೆಂಟು ಚಾನೆಲಿನ ಡ್ಯಾಕ್ ಇರುತ್ತದೆ. ಹೊರಗಿನ ಡ್ಯಾಕಿನಿಂದ ಅನಲಾಗ್ ಸಿಗ್ನಲ್ ಕೊಟ್ಟರೆ, ಸಬ್‌ವೂಫರ್ ಹೊಂದಾಣಿಕೆಗೋ ಕೋಣೆಯ ತಿದ್ದುಪಡಿಗೋ ಎಂದು ರಿಸೀವರ್ ಅದನ್ನು ಮತ್ತೆ ಡಿಜಿಟಲ್ ಮಾಡಿ, ತನ್ನದೇ ಡ್ಯಾಕಿನಿಂದ ಹೊರಬಿಡುತ್ತದೆ. ‘ಪ್ಯೂರ್ ಡೈರೆಕ್ಟ್’ ಥರದ ಮೋಡ್ ಹಾಕಿದರಷ್ಟೇ ನೇರ ಹಾದಿ, ಆದರೆ ಆಗ ಸಬ್‌ವೂಫರ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಅಲ್ಲಿ ಎಚ್‌ಡಿಎಂಐ ಒಂದೇ ಸಾಕು. ಒಳಗೇ ಆಂಪ್ ಇರುವ ಈಚಿನ ಎಷ್ಟೋ ಸ್ಪೀಕರುಗಳ ಕತೆಯೂ ಇದೇ. ಬೆನ್ನಿನಲ್ಲಿ ಯುಎಸ್‌ಬಿ, ಆಪ್ಟಿಕಲ್ ಇದ್ದರೆ ನೇರ ಅಲ್ಲಿಗೇ ಹಾಕಿ. ಎಲ್‌ಪಿ ಪ್ಲೇಯರಿಗೆ ಬೇಕಾದದ್ದು ಫೋನೋ ಪ್ರೀಆಂಪ್ (ಸೂಜಿಯ ಸಣ್ಣ ಸಿಗ್ನಲನ್ನು ಏರಿಸುವ ಪೆಟ್ಟಿಗೆ), ಡ್ಯಾಕ್ ಅಲ್ಲ.

ಇನ್ನೊಂದು, ಹಾಡಿನ ಮೂಲ. ಯೂಟ್ಯೂಬಿನ ಸದ್ದು ಹಿಂಡಿ ಕುಗ್ಗಿಸಿದ್ದು. ಕಳೆದುಹೋದದ್ದನ್ನು ಯಾವ ಡ್ಯಾಕೂ ವಾಪಸು ತರುವುದಿಲ್ಲ. ಐವತ್ತು-ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಟೇಪಿನಿಂದಲೋ ರೆಕಾರ್ಡಿನಿಂದಲೋ ಇಳಿಸಿದವು. ಅವುಗಳ ಸ್ವಂತ ಸುಸ್ ಸದ್ದು ಸಿಡಿಯ 16 ಬಿಟ್ಟಿನ ತಳಕ್ಕಿಂತ ಎಷ್ಟೋ ಮೇಲಿದೆ (ಪ್ರತಿ ಅಂಕಿಯನ್ನು ಎಷ್ಟು ನುಣ್ಣಗೆ ಬರೆದಿದೆ ಎಂಬುದು ಬಿಟ್; ಸೆಕೆಂಡಿಗೆ ಎಷ್ಟು ಸಾವಿರ ಸಲ ಎಂಬುದು ಕಿಲೋಹರ್ಟ್ಸ್). ಅವುಗಳ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಎಂಬ ಚೀಟಿ ಅಂಟಿಸಿದರೆ ದೊಡ್ಡದಾಗುವುದು ಫೈಲ್ ಮಾತ್ರ.

ಒಳಬರುವ ದಾರಿಗಳು

ಕಾಗದದ ಮೇಲೆ ಎಡಕ್ಕೆ ಹಾಡು ಬರುವ ಸಾಧನಗಳು, ಬಲಕ್ಕೆ ಆಂಪ್ಲಿಫೈಯರ್ ಬರೆದು, ಪ್ರತಿಯೊಂದರ ಬೆನ್ನಿನ ಫೋಟೋ ತೆಗೆದಿಟ್ಟುಕೊಳ್ಳಿ. ಎಡಕ್ಕಿರುವ ಪ್ರತಿ ಸಾಧನಕ್ಕೂ ಡ್ಯಾಕಿನಲ್ಲಿ ಒಂದು ಬಾಗಿಲು ಬೇಕು. ನಾಳೆ ಬರಬಹುದಾದ ಒಂದಕ್ಕೆ ಇನ್ನೊಂದು ಬಾಗಿಲಿದ್ದರೆ ಒಳ್ಳೆಯದು.

ಟಿವಿಗೆ ಆಪ್ಟಿಕಲ್ ಅತ್ಯಂತ ನೆಮ್ಮದಿಯ ದಾರಿ. ಇದನ್ನು 1983ರಲ್ಲಿ ತಂದದ್ದು ತೋಷಿಬಾ. ಟಾಸ್‌ಲಿಂಕ್ ಎಂಬ ಹೆಸರು ಅಲ್ಲಿಂದಲೇ ಬಂತು. ಕೇಬಲಿನಲ್ಲಿ ಹರಿಯುವುದು ಬೆಳಕು, ತಾಮ್ರವೇ ಇಲ್ಲ. ಹಾಗಾಗಿ ಟಿವಿಯ ಕಡೆಯ ಗುಂಯ್ ಸದ್ದು ಆಂಪಿನತ್ತ ಹರಿದುಬರಲು ದಾರಿಯಿಲ್ಲ. 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ನಿಶ್ಚಿಂತೆ. 192 ಕೆಲವು ಜೋಡಿಗಳಲ್ಲಿ ಓಡುತ್ತದೆ, ಕೆಲವದರಲ್ಲಿ ತಡವರಿಸುತ್ತದೆ. ಟಿವಿಗೆ ಬೇಕಿರುವುದು 48 ಮಾತ್ರ.

ಆಪ್ಟಿಕಲ್ ಹಾಕಿದ ಮೊದಲ ದಿನ ಸದ್ದೇ ಬರಲಿಲ್ಲವೆಂದರೆ ಡ್ಯಾಕನ್ನು ಬೈಯುವ ಮೊದಲು ಎರಡು ಕಡೆ ನೋಡಿ. ಕೇಬಲಿನ ಎರಡೂ ತುದಿಗೆ ಸಣ್ಣ ಪಾರದರ್ಶಕ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿದವರು ಬೇಕಾದಷ್ಟು ಜನ. ತೆಗೆದ ಮೇಲೆ ಒಂದು ತುದಿ ಟಿವಿಯಲ್ಲಿರಲಿ, ಇನ್ನೊಂದನ್ನು ಅಂಗೈಗೆ ಹಿಡಿದರೆ ಕೆಂಪು ಬೆಳಕಿನ ಚುಕ್ಕೆ ಕಾಣಬೇಕು. ಬೆಳಕು ಇದೆ, ಸದ್ದಿಲ್ಲ ಅಂದರೆ ಟಿವಿಯ ಸೌಂಡ್ ಮೆನುವಿಗೆ ಹೋಗಿ. ಡಿಜಿಟಲ್ ಔಟ್‌ಪುಟ್ ‘ಆಟೋ’, ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ ಎಂದಿದ್ದರೆ ಟಿವಿ ಕಳಿಸುತ್ತಿರುವುದು ಡಾಲ್ಬಿ. ಸ್ಟೀರಿಯೋ ಡ್ಯಾಕಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಒಂದೋ ಮೌನ, ಇಲ್ಲವೇ ಕರ್‌ಕರ್ ಸದ್ದು. ‘ಪಿಸಿಎಂ’ ಎಂದು ಬದಲಿಸಿ. ಸೆಟ್-ಟಾಪ್ ಬಾಕ್ಸಿನ ಮೆನುವಿನಲ್ಲೂ ಇದೇ ಆಯ್ಕೆ ಇರುತ್ತದೆ. ಕೆಲವು ಚಾನೆಲ್ ಕೇಳಿ, ಕೆಲವು ಮಾತ್ರ ಮೂಕವಾದರೆ ದೋಷ ಅಲ್ಲಿದೆ.

ಆಪ್ಟಿಕಲಿನ ನಿಜವಾದ ಕಿರಿಕಿರಿ ಬೇರೆ. ಹೆಚ್ಚಿನ ಟಿವಿಗಳಲ್ಲಿ ಆ ಔಟ್‌ಪುಟ್ಟಿನ ಮಟ್ಟ ಬದಲಾಗುವುದಿಲ್ಲ, ಟಿವಿ ರಿಮೋಟಿನಲ್ಲಿ ವಾಲ್ಯೂಮ್ ಒತ್ತಿದರೆ ಏನೂ ಆಗುವುದಿಲ್ಲ. ಆಂಪಿಗೆ ರಿಮೋಟ್ ಇಲ್ಲದಿದ್ದರೆ ಪ್ರತಿ ಜಾಹೀರಾತಿಗೂ ಎದ್ದು ಹೋಗಬೇಕು. ಮನೆಯ ಹಿರಿಯರು ಎರಡನೇ ದಿನಕ್ಕೇ ‘ಹಳೇದೇ ಹಾಕಿಕೊಡು’ ಅನ್ನುತ್ತಾರೆ. ಹಾಗಾಗಿ ಟಿವಿಯೇ ಮುಖ್ಯವಾಗಿರುವ ಮನೆಗೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ತಂತಿಯಲ್ಲೇ ಹೊರಗೆ ಕಳಿಸುವ ದಾರಿ) ಇನ್‌ಪುಟ್ ಇರುವ ಡ್ಯಾಕ್ ಹುಡುಕಿ. ಟಿವಿಯಲ್ಲಿ ಸಿಇಸಿ (ಒಂದರ ರಿಮೋಟಿನಿಂದ ಇನ್ನೊಂದನ್ನು ನಡೆಸುವ ವ್ಯವಸ್ಥೆ) ಆನ್ ಮಾಡಿದರೆ ಟಿವಿಯ ರಿಮೋಟೇ ಡ್ಯಾಕಿನ ವಾಲ್ಯೂಮ್ ಏರಿಳಿಸುತ್ತದೆ. ಅದು ಸಿಗದಿದ್ದರೆ ಸ್ವಂತ ರಿಮೋಟ್ ಇರುವ ಡ್ಯಾಕ್. ಚಿಪ್ಪು ಯಾವುದೆಂಬುದಕ್ಕಿಂತ ಈ ಒಂದು ಅಂಶಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಡುವುದು ಬುದ್ಧಿವಂತಿಕೆ.

ಕೋಆಕ್ಸಿಯಲ್ ಡಿಜಿಟಲ್ ಎಂಬುದು ಹಳೆಯ ಸಿಡಿ, ಡಿವಿಡಿ ಪ್ಲೇಯರುಗಳ ದಾರಿ. ಒಂದೇ ಆರ್‌ಸಿಎ ಪಿನ್, 75 ಓಮ್ ಕೇಬಲ್, 192 ಕಿಲೋಹರ್ಟ್ಸ್‌ವರೆಗೆ ಆರಾಮ. ಇದಕ್ಕೆಂದು ‘ಡಿಜಿಟಲ್ ಕೇಬಲ್’ ಕೊಳ್ಳಬೇಕಿಲ್ಲ: ಡಿವಿಡಿ ಪ್ಲೇಯರಿನ ಜೊತೆ ಬಂದ ಹಳದಿ ವಿಡಿಯೋ ತಂತಿಯೂ ವಿನ್ಯಾಸದಲ್ಲಿ 75 ಓಮಿನದೇ, ಒಂದೆರಡು ಮೀಟರಿಗೆ ಅದೇ ಸಾಕು.

ಕಂಪ್ಯೂಟರು, ಫೋನಿಗೆ ಯುಎಸ್‌ಬಿ. ಇಲ್ಲಿ ಎರಡು ತಲೆಮಾರುಗಳಿವೆ. ಯುಎಸ್‌ಬಿ ಆಡಿಯೋ ಕ್ಲಾಸ್ 1 ಸುಮಾರು 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ. ಕ್ಲಾಸ್ 2 ಅದರ ಮೇಲಕ್ಕೆ. ಮ್ಯಾಕ್ ಮತ್ತು ಲಿನಕ್ಸಿಗೆ ಎರಡೂ ಗೊತ್ತು. ವಿಂಡೋಸಿಗೆ ಕ್ಲಾಸ್ 2 ತಾನಾಗಿ ಬಂದದ್ದು ವಿಂಡೋಸ್ 10ರ 1703ನೇ ಆವೃತ್ತಿಯಿಂದ. ಹಳೆಯ ವಿಂಡೋಸ್ 7 ಯಂತ್ರವಿದ್ದರೆ ತಯಾರಕರ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಫೋನಿಗೆ ಹಾಕುವಾಗ ಎಡವಟ್ಟಾಗುವುದು ಕೇಬಲಿನಿಂದ. ಚಾರ್ಜಿಂಗಿಗೆ ಮಾತ್ರ ಬರುವ ತಂತಿಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ, ಮತ್ತು ಡ್ಯಾಕಿನ ಬೆನ್ನಿನಲ್ಲಿ ಚೌಕಾಕಾರದ ಬಿ ಪೋರ್ಟ್ ಇದ್ದರೆ ಫೋನಿನ ಕಡೆ ಒಟಿಜಿ ಅಡಾಪ್ಟರ್ ಬೇಕು. ಫೋನಿನಿಂದಲೇ ವಿದ್ಯುತ್ ಎಳೆಯುವ ಡ್ಯಾಕಾದರೆ ಬ್ಯಾಟರಿ ಬೇಗ ಇಳಿಯುತ್ತದೆ, ಕೆಲವು ಫೋನುಗಳು ‘ಹೆಚ್ಚು ವಿದ್ಯುತ್ ಬಳಕೆ’ ಎಂದು ಸಂಪರ್ಕವನ್ನೇ ಕಡಿದುಹಾಕುತ್ತವೆ. ಡೇಟಾಗೆ ಒಂದು, ಪವರಿಗೆ ಇನ್ನೊಂದು ಪೋರ್ಟ್ ಇರುವ ಡ್ಯಾಕ್ ಈ ರಗಳೆ ತಪ್ಪಿಸುತ್ತದೆ.

ಬ್ಲೂಟೂತ್ ಇದ್ದರೆ ಬೇಡವೆನ್ನಬೇಕಿಲ್ಲ, ಮನೆಗೆ ಬಂದ ನೆಂಟರು ತಮ್ಮ ಫೋನಿನಿಂದ ಹಾಡು ಹಾಕಲು ಅದೇ ಸುಲಭ. ಆದರೆ ಬ್ಲೂಟೂತಿನ ಉತ್ತಮ ಗುಣಮಟ್ಟದ ವಿಧಾನವಾದ ಎಲ್‌ಡಿಎಸಿ ಕೂಡ ಹೆಚ್ಚೆಂದರೆ ಸೆಕೆಂಡಿಗೆ 990 ಕಿಲೋಬಿಟ್. ಸಿಡಿಗೆ ಬೇಕಾದದ್ದು 1,411. ಗಂಭೀರ ಕೇಳುವಿಕೆಗೆ ತಂತಿ ಇರಲಿ.

ಹೊರಹೋಗುವ ವೋಲ್ಟ್

ಹೆಚ್ಚಿನವರು ಕಣ್ಣೆತ್ತಿಯೂ ನೋಡದ, ಆದರೆ ದಿನವೂ ಕೈಗೆ ತಾಗುವ ಅಂಕಿ ಇದು. ಮೇಜಿನ ಮೇಲಿಡುವ ಡ್ಯಾಕಿನ ಆರ್‌ಸಿಎ ಔಟ್‌ಪುಟ್ ಪೂರ್ಣ ಮಟ್ಟದಲ್ಲಿ ಸುಮಾರು 2 ವೋಲ್ಟ್, ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದಪ್ಪ ಸಾಕೆಟ್) ಆದರೆ 4 ವೋಲ್ಟ್. ಹಳೆಯ ಆಂಪುಗಳ ಲೈನ್ ಇನ್‌ಪುಟ್‌ಗಳು ಟೇಪ್ ಡೆಕ್, ಟ್ಯೂನರ್ ಕಾಲದವು. 150ರಿಂದ 200 ಮಿಲಿವೋಲ್ಟಿಗೇ ಪೂರ್ಣ ಶಕ್ತಿ ಕೊಡುತ್ತವೆ. ಅಲ್ಲಿಗೆ 2 ವೋಲ್ಟ್ ತಂದರೆ ಸುಮಾರು 20 ಡೆಸಿಬೆಲ್ ಹೆಚ್ಚಾಯಿತು. ಪರಿಣಾಮವಾಗಿ ವಾಲ್ಯೂಮ್ ಗುಬ್ಬಿಯನ್ನು ಗಡಿಯಾರದ ಎಂಟರಿಂದ ಒಂಬತ್ತಕ್ಕೆ ತಿರುಗಿಸುವಷ್ಟರಲ್ಲಿ ಕಿವಿ ಕಿತ್ತುಹೋಗುತ್ತದೆ. ಗುಬ್ಬಿಯ ಆ ಆರಂಭದ ಭಾಗದಲ್ಲಿ ಎಡ-ಬಲ ಸಮವಾಗಿಯೂ ಇರುವುದಿಲ್ಲ, ರಾತ್ರಿ ಮೆಲ್ಲಗೆ ಕೇಳುವಾಗ ಗಾಯಕ ಒಂದು ಪಕ್ಕಕ್ಕೆ ವಾಲುತ್ತಾನೆ. ಜನ ಇದನ್ನು ‘ಡ್ಯಾಕ್ ಗಡಸು’ ಎಂದು ಬರೆದುಬಿಡುತ್ತಾರೆ.

ಪರಿಹಾರ ಅಗ್ಗ. ಔಟ್‌ಪುಟ್ ಮಟ್ಟ ಇಳಿಸಲು ಬರುವ ಡ್ಯಾಕ್ ತಂದರೆ ಆಯಿತು. ಇಲ್ಲವೇ ಬೆಸುಗೆ ಬರುವವರು ಪ್ರತಿ ಚಾನೆಲಿಗೆ ಎರಡು ರೆಸಿಸ್ಟರ್ ಹಾಕಿ ಮಟ್ಟ ತಗ್ಗಿಸಬಹುದು: ಸಿಗ್ನಲಿನ ಸಾಲಿನಲ್ಲಿ 10 ಕಿಲೋಓಮ್, ಅದರಾಚೆ ಆಂಪಿನ ಕಡೆ ಸಿಗ್ನಲಿಗೂ ಗ್ರೌಂಡಿಗೂ ನಡುವೆ 4.7 ಕಿಲೋಓಮ್. ಎರಡೂ ಕಾಲು ವ್ಯಾಟಿನ, ಶೇ. 1 ನಿಖರತೆಯ ಮೆಟಲ್ ಫಿಲ್ಮ್. ಇದರಿಂದ ಸುಮಾರು 10 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ರೆಸಿಸ್ಟರ್, ನಾಲ್ಕು ಆರ್‌ಸಿಎ ಪಿನ್, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯಲ್ಲಿ ಸಿಗುವಂಥವು. ಇವನ್ನು ಆಂಪಿಗೆ ಹತ್ತಿರವಿರುವ ತುದಿಯಲ್ಲೇ ಕೂರಿಸಿ. ದೂರವಿಟ್ಟು ಉದ್ದ ತಂತಿ ಎಳೆದರೆ ಮೇಲಿನ ಸ್ವರ ಸ್ವಲ್ಪ ಮಂಕಾಗುತ್ತದೆ.

ಇದರ ತಿರುಗುಮುರುಗು ಕೂಡ ಉಂಟು. ಫೋನಿನ ಡಾಂಗಲ್‌ಗಳು ಕೊಡುವುದು ಹೆಚ್ಚಾಗಿ 1 ವೋಲ್ಟ್, ಕೆಲವು ಅದರ ಅರ್ಧ. ಆ್ಯಪಲಿನ ಸಣ್ಣ ಯುಎಸ್‌ಬಿ-ಸಿ ಡಾಂಗಲ್ ಅಳತೆಯಲ್ಲಿ ಅಷ್ಟು ದುಡ್ಡಿಗೆ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿದೆ, ಆದರೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ಪೂರ್ತಿ ಏರುವುದೇ ಇಲ್ಲ. ಹಳೆಯ ಆಂಪಿಗೆ ಅಷ್ಟು ಮಟ್ಟ ಧಾರಾಳ. ಗೇನ್ (ಸಿಗ್ನಲನ್ನು ದೊಡ್ಡದು ಮಾಡುವ ಪ್ರಮಾಣ) ಕಡಿಮೆ ಇರುವ ಪವರ್ ಆಂಪಿಗೆ ಸಾಲುವುದಿಲ್ಲ.

ವಾಲ್ಯೂಮ್ ಗುಬ್ಬಿಯೇ ಇಲ್ಲದ ಪವರ್ ಆಂಪಿಗೆ ಡ್ಯಾಕನ್ನು ನೇರ ಕೂಡಿಸುವವರು ಎಚ್ಚರದಿಂದಿರಿ. ಡ್ರೈವರ್ ಬದಲಾದಾಗ, ಕೇಬಲ್ ಕಿತ್ತು ಹಾಕಿದಾಗ ಕಂಪ್ಯೂಟರಿನ ವಾಲ್ಯೂಮ್ 100ಕ್ಕೆ ಹಾರುವುದುಂಟು. ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್) ಸುಡಲು ಒಂದೇ ಸಲ ಸಾಕು. ಡ್ಯಾಕಿನ ಮೈಮೇಲೇ ಗುಬ್ಬಿ ಇರಬೇಕು, ಅಥವಾ ಮೇಲೆ ಹೇಳಿದ ಮಟ್ಟ ತಗ್ಗಿಸುವ ಜೋಡಿ ನಡುವೆ ಇರಬೇಕು.

ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ ಒಳ್ಳೆಯದೇ, ಆದರೆ ಆಂಪಿನಲ್ಲೂ ಎಕ್ಸ್‌ಎಲ್‌ಆರ್ ಇನ್‌ಪುಟ್ ಇದ್ದಾಗ ಮಾತ್ರ. ಎಕ್ಸ್‌ಎಲ್‌ಆರ್‌ನಿಂದ ಆರ್‌ಸಿಎಗೆ ಇಳಿಸುವ ಅಗ್ಗದ ತಂತಿಗಳಲ್ಲಿ ಮೂರನೇ ಪಿನ್ನನ್ನು ಒಂದನೆಯದಕ್ಕೆ, ಅಂದರೆ ಗ್ರೌಂಡಿಗೆ, ಬೆಸೆದಿರುತ್ತಾರೆ. ಎಷ್ಟೋ ಡ್ಯಾಕುಗಳಲ್ಲಿ ಇದು ಔಟ್‌ಪುಟ್ ಆಂಪನ್ನೇ ಶಾರ್ಟ್ ಮಾಡಿದಂತೆ. ಸದ್ದು ಒಡೆಯುತ್ತದೆ, ಚಿಪ್ಪು ಬಿಸಿಯಾಗುತ್ತದೆ. ಡ್ಯಾಕಿನಲ್ಲಿ ಆರ್‌ಸಿಎಯೂ ಇದ್ದರೆ ಅದನ್ನೇ ಬಳಸಿ.

ಹೆಡ್‌ಫೋನಿಗೂ ಅದೇ ಪೆಟ್ಟಿಗೆ ಬೇಕೆಂದರೆ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ, ಓಮಿನಲ್ಲಿ) ನೋಡಿ: ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ. 32 ಓಮಿನದಕ್ಕೆ 4 ಓಮ್ ಮೀರಬಾರದು. 300 ಓಮಿನ ಹೆಡ್‌ಫೋನಿಗೆ ಮೂರು-ನಾಲ್ಕು ವೋಲ್ಟಾದರೂ ಬೇಕು, ಹೆಚ್ಚಿನ ಸಣ್ಣ ಡಾಂಗಲ್‌ಗಳಿಂದ ಅದು ಆಗದ ಮಾತು.

ಚಿಪ್ಪು, ಬಿಟ್ಟು, ಕಿಲೋಹರ್ಟ್ಸು

ಇಎಸ್‌ಎಸ್, ಎಕೆಎಂ, ಸಿರಸ್ ಲಾಜಿಕ್, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್. ಬಹುತೇಕ ಡ್ಯಾಕುಗಳೊಳಗೆ ಈ ನಾಲ್ವರಲ್ಲಿ ಒಬ್ಬರ ಚಿಪ್ಪು ಇರುತ್ತದೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಪೂರೈಕೆ ನಿಂತಾಗ, ಹಲವು ತಯಾರಕರು ಇಎಸ್‌ಎಸ್ ಚಿಪ್ಪಿಗೆ ಬದಲಾದರು. ಎಕೆಎಂ ಸದ್ದು ಮೃದು, ಇಎಸ್‌ಎಸ್ ಚೂಪು ಎಂಬ ಮಾತು ಈಗಲೂ ಓಡಾಡುತ್ತದೆ. ಚಿಪ್ಪಿನ ಸುತ್ತಲಿನ ಪವರ್ ಸಪ್ಲೈ, ಔಟ್‌ಪುಟ್ ಆಂಪ್, ಗ್ರೌಂಡ್ ಹಾದಿ ಸರಿಯಿದ್ದರೆ ಎರಡನ್ನೂ ಕಣ್ಣುಮುಚ್ಚಿ ಗುರುತಿಸುವುದು ಬಹಳ ಕಷ್ಟ. ಸುತ್ತಲಿನದು ಕೆಟ್ಟಿದ್ದರೆ ಅತ್ಯುತ್ತಮ ಚಿಪ್ಪೂ ಸುಸ್ ಅನ್ನುತ್ತದೆ.

ಅಳತೆಯ ಅಂಕಿ ಬೇಕೆನ್ನುವವರು ಸಿನಾಡ್ ನೋಡಿ, ಅಂದರೆ ಗದ್ದಲ ಮತ್ತು ಒಡಕು ಎರಡಕ್ಕಿಂತ ಸಂಗೀತ ಎಷ್ಟು ಮೇಲಿದೆ ಎಂಬುದು. 16 ಬಿಟ್ಟಿನ ಗರಿಷ್ಠ ಸುಮಾರು 98 ಡೆಸಿಬೆಲ್. 24 ಬಿಟ್ಟಿಗೆ ಲೆಕ್ಕದಲ್ಲಿ 144 ದಾಟಬೇಕು, ಆದರೆ ಅತ್ಯುತ್ತಮ ಪೆಟ್ಟಿಗೆಗಳೂ 120ರ ಆಸುಪಾಸಿನಲ್ಲಿ ನಿಲ್ಲುತ್ತವೆ. ರೆಸಿಸ್ಟರುಗಳ ಸ್ವಂತ ಉಷ್ಣದ ಗದ್ದಲವೇ ಅಲ್ಲಿಗೆ ಅಡ್ಡ ಬರುತ್ತದೆ. ಫ್ಯಾನ್ ತಿರುಗುತ್ತಿರುವ ನಮ್ಮ ಹಾಲಿನಲ್ಲಿ ಮೌನವೇ ಸುಮಾರು 40 ಡೆಸಿಬೆಲ್. ತಂಬೂರಿಯ ಶ್ರುತಿಯಿಂದ ತನಿ ಆವರ್ತನದ ಮೃದಂಗದವರೆಗೆ ಜೋರಾಗಿ ಕೇಳಿದರೂ 95 ದಾಟುವುದು ಅಪರೂಪ. ನಡುವೆ ಉಳಿಯುವುದು 55. ಅಂದಮೇಲೆ 100 ಇರುವ ಡ್ಯಾಕಿಗೂ 120 ಇರುವುದಕ್ಕೂ ಆ ಕೋಣೆಯಲ್ಲಿ ಏನು ವ್ಯತ್ಯಾಸ? 100 ದಾಟಿದೆಯೇ ನೋಡಿ, ಮುಂದೆ ಹೋಗಿ. ಪೆಟ್ಟಿಗೆಯ ಮೇಲಿನ 32 ಬಿಟ್, 768 ಕಿಲೋಹರ್ಟ್ಸ್ ಅಂಥವಕ್ಕೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. 44.1, 48, 96, 192 ನುಂಗಿದರೆ ಸಾಕು.

ಎಂಕ್ಯೂಎ ಎಂಬ ಕುಗ್ಗಿಸಿದ ಸಂಗೀತ ಸ್ವರೂಪದ ಬೆಂಬಲವನ್ನು ಗುಣವೆಂದು ಎಣಿಸುವ ಕಾಲ ಮುಗಿಯಿತು: ಆ ಕಂಪನಿ 2023ರಲ್ಲಿ ದಿವಾಳಿಯಂಚಿಗೆ ಹೋಗಿ ಕೈಬದಲಾಯಿತು, 2024ರಲ್ಲಿ ಸಂಗೀತ ಸೇವೆ ಟೈಡಲ್ ಆ ಸ್ವರೂಪವನ್ನು ಕೈಬಿಟ್ಟಿತು. ಡಿಎಸ್‌ಡಿ (ಇನ್ನೊಂದು ಬಗೆಯ ಡಿಜಿಟಲ್ ಸಂಗೀತ ಸ್ವರೂಪ) ಬೇಕಾಗುವುದು ನಿಮ್ಮಲ್ಲಿ ಅಂಥ ಫೈಲುಗಳಿದ್ದರೆ ಮಾತ್ರ.

ರೆಸಿಸ್ಟರುಗಳ ಏಣಿಯಿಂದ ಅಂಕಿಯನ್ನು ವೋಲ್ಟಾಗಿಸುವ ಆರ್-ಟು-ಆರ್ ಡ್ಯಾಕುಗಳಿಗೆ ಅಭಿಮಾನಿಗಳಿದ್ದಾರೆ. ಆದರೆ 16 ಬಿಟ್ಟಿನ ಏಣಿಯಲ್ಲಿ ಮೇಲಿನ ಮೆಟ್ಟಿಲಿನ ರೆಸಿಸ್ಟರ್ 65,536ರಲ್ಲಿ ಒಂದು ಪಾಲಿಗಿಂತ, ಅಂದರೆ ಶೇ. 0.0015ಕ್ಕಿಂತ ಹೆಚ್ಚು ತಪ್ಪಬಾರದು. ಅಗ್ಗದವುಗಳಲ್ಲಿ ಅದು ಸಾಧ್ಯವಿಲ್ಲ, ಮೆಲುದನಿಯ ಭಾಗ ಒರಟಾಗುತ್ತದೆ. ಆ ಸ್ವಾದವೇ ಬೇಕು ಎನ್ನುವವರು ಕೊಳ್ಳಲಿ, ನಿಖರತೆ ಎಂದುಕೊಂಡು ಬೇಡ.

ಫಿಲ್ಟರ್ ಎಂದು ಐದಾರು ಆಯ್ಕೆ ಕೊಟ್ಟಿರುತ್ತಾರೆ. ‘ಫಾಸ್ಟ್’ ಅಥವಾ ‘ಶಾರ್ಪ್’ ಹಾಕಿ ಮರೆತುಬಿಡಿ. ‘ಸ್ಲೋ’ ಹಾಕಿದರೆ ಸಿಡಿ ಮಟ್ಟದ ಫೈಲುಗಳಲ್ಲಿ ತೀರಾ ಮೇಲಿನ ಸ್ವರಗಳು ಒಂದಿಷ್ಟು ಕುಸಿಯುತ್ತವೆ.

ಗುಂಯ್ ಅನ್ನುವುದು

ಹೊಸ ಡ್ಯಾಕ್ ಹಾಕಿದ ಕೂಡಲೇ ಸ್ಪೀಕರಿನಿಂದ ಗುಂಯ್ ಶುರುವಾದರೆ ಹತ್ತಕ್ಕೆ ಒಂಬತ್ತು ಸಲ ತಪ್ಪು ಡ್ಯಾಕಿನದಲ್ಲ, ಅರ್ತಿನ ಸುತ್ತು. ಲ್ಯಾಪ್‌ಟಾಪಿನ ಮೂರು ಪಿನ್ ಚಾರ್ಜರ್ ಒಂದು ಕಡೆ ಅರ್ತ್, ಆಂಪ್ ಇನ್ನೊಂದು ಕಡೆ ಅರ್ತ್, ನಡುವೆ ಯುಎಸ್‌ಬಿ ಮತ್ತು ಆರ್‌ಸಿಎ ತಂತಿಗಳ ಗ್ರೌಂಡ್ ಸೇರಿ ಒಂದು ಉಂಗುರ. ಅದರಲ್ಲಿ 50 ಹರ್ಟ್ಸಿನ ಸಣ್ಣ ವಿದ್ಯುತ್ ಹರಿಯುತ್ತದೆ, ಆಂಪ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಡಿಶ್ಶಿನಿಂದಲೋ ಕೇಬಲ್ಲಿನವರಿಂದಲೋ ಬರುವ ತಂತಿಗೆ ಬೇರೆಯೇ ಅರ್ತ್ ಇರುವುದರಿಂದ ಸೆಟ್-ಟಾಪ್ ಬಾಕ್ಸ್ ಇದಕ್ಕೆ ಇನ್ನೊಂದು ಸುತ್ತು ಸೇರಿಸುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಆಂಪನ್ನು ಏನೂ ಕೂಡಿಸದ ಇನ್‌ಪುಟ್ಟಿಗೆ ತಿರುಗಿಸಿ; ಗುಂಯ್ ಅಲ್ಲಿಯೂ ಇದ್ದರೆ ದೋಷ ಆಂಪಿನಲ್ಲಿದೆ, ಡ್ಯಾಕನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಡ್ಯಾಕಿಗೆ ಮರಳಿ, ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ನಿಂತಿತೇ? ಉಂಗುರ ಸಿಕ್ಕಿತು. ನಿಲ್ಲದಿದ್ದರೆ ಸೆಟ್-ಟಾಪ್ ಬಾಕ್ಸಿನ ಹಿಂದಿನ ತಿರುಪಿನ ತಂತಿ ಬಿಚ್ಚಿ ನೋಡಿ. ಗುಂಯ್ ಬದಲು ಮೌಸ್ ಆಡಿಸಿದಂತೆ ಏರಿಳಿಯುವ ಕೀಚಲು ದನಿಯಾದರೆ ಅದು ಕಂಪ್ಯೂಟರಿನ ಯುಎಸ್‌ಬಿ ಗದ್ದಲ.

ಮದ್ದಿನಲ್ಲಿ ಮೊದಲನೆಯದು, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಖರ್ಚಿಲ್ಲ. ಎರಡನೆಯದು ಆಪ್ಟಿಕಲ್ ದಾರಿ. ಅದೂ ಆಗದಿದ್ದರೆ ಯುಎಸ್‌ಬಿ ಐಸೊಲೇಟರ್ (ಎರಡು ಕಡೆಯ ಗ್ರೌಂಡನ್ನು ಬೇರ್ಪಡಿಸುವ ತುಂಡು). ಅಗ್ಗದ ಐಸೊಲೇಟರುಗಳು ಎಡಿಯುಎಂ4160 ಚಿಪ್ಪಿನವು, 12 ಮೆಗಾಬಿಟ್ ಮಾತ್ರ. ಕ್ಲಾಸ್ 1ರಲ್ಲೂ ಓಡಬಲ್ಲ ಡ್ಯಾಕ್ ಆದರೆ 96 ಕಿಲೋಹರ್ಟ್ಸ್‌ವರೆಗೆ ನಡೆಯುತ್ತದೆ, ಕ್ಲಾಸ್ 2 ಮಾತ್ರ ಬಲ್ಲ ಡ್ಯಾಕ್ ಕಾಣಿಸಿಕೊಳ್ಳದೆಯೇ ಹೋಗಬಹುದು. ಅದಕ್ಕೆ 480 ಮೆಗಾಬಿಟ್ಟಿನದೇ ಬೇಕು, ಬೆಲೆ ಹಲವು ಪಟ್ಟು. ಆರ್‌ಸಿಎ ಸಾಲಿನಲ್ಲಿ ಹಾಕುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಕೊನೆಯ ಉಪಾಯ, ಅದರೊಳಗಿನ ಕಿರು ಟ್ರಾನ್ಸ್‌ಫಾರ್ಮರ್ ಮೃದಂಗದ ಎಡಗೈ ನಾದವನ್ನು ತಿಂದುಹಾಕುತ್ತದೆ.

ಮೂರು ಪಿನ್ನಿನ ಅರ್ತ್ ಕತ್ತರಿಸುವ ಸಲಹೆ ಕೊಡುವವರು ಸಿಗುತ್ತಾರೆ. ಗುಂಯ್ ಖಂಡಿತ ನಿಲ್ಲುತ್ತದೆ. ಮುಂದೆ ಆಂಪಿನೊಳಗೆ ತಂತಿ ಬಿಚ್ಚಿಕೊಂಡ ದಿನ ಅದರ ತಗಡಿನ ಮೈ 230 ವೋಲ್ಟಾಗಿ ಕಾದಿರುತ್ತದೆ. ಅದನ್ನು ಮಾಡಬೇಡಿ. ಬದಲಿಗೆ ಮನೆಯಲ್ಲಿ ಅರ್ತಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ: ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್. ಡ್ಯಾಕಿನ ಮೈ ಮುಟ್ಟಿದರೆ ಜುಮ್ಮೆನ್ನುವುದು ಸಾಮಾನ್ಯವಾಗಿ ಎರಡು ಪಿನ್ನಿನ ಅಡಾಪ್ಟರುಗಳ ಸೋರಿಕೆ; ಆಂಪಿನ ಅರ್ತ್ ಸರಿಯಿದ್ದರೆ ಅದೂ ನಿಲ್ಲುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಓಡುವಾಗ ಆಂಪಿನ ಪೆಟ್ಟಿಗೆಯೇ ಗುರ್ ಅನ್ನುತ್ತದಲ್ಲ, ಅದು ಟ್ರಾನ್ಸ್‌ಫಾರ್ಮರಿನ ಸದ್ದು, ಡ್ಯಾಕಿಗೂ ಅದಕ್ಕೂ ಸಂಬಂಧವಿಲ್ಲ.

ಹಾಕಿದ ಮೇಲೆ, ಹಿಂತಿರುಗಿಸುವ ಅವಧಿಯೊಳಗೆ

ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಡ್ಯಾಕನ್ನು ಆರಿಸಿ, ಸ್ವರೂಪವನ್ನು 24 ಬಿಟ್ ಮಾಡಿ. ದರವನ್ನು ನೀವು ಹೆಚ್ಚು ಕೇಳುವುದಕ್ಕೆ ಹೊಂದಿಸಿ, ಸಿನಿಮಾಕ್ಕೆ 48, ಸಂಗೀತಕ್ಕೆ 44.1. ಎಲ್ಲ ‘ಎನ್‌ಹಾನ್ಸ್‌ಮೆಂಟ್’ಗಳನ್ನೂ ಆಫ್ ಮಾಡಿ. ಸಂಗೀತದ ತಂತ್ರಾಂಶದಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ಡ್ಯಾಕನ್ನು ಆ ತಂತ್ರಾಂಶ ಒಂದಕ್ಕೇ ಬಿಟ್ಟುಕೊಡುವ ಆಯ್ಕೆ) ಇದ್ದರೆ ದರ ತಾನಾಗಿ ಬದಲಾಗುತ್ತದೆ, ಆದರೆ ಆಗ ಬೇರೆ ಯಾವ ಸದ್ದೂ ಬರುವುದಿಲ್ಲ. ಮ್ಯಾಕ್‌ನಲ್ಲಿ ‘ಆಡಿಯೋ ಮಿಡಿ ಸೆಟಪ್’ ತೆರೆದು ನೋಡಿ. ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲವನ್ನೂ 48ಕ್ಕೆ ಬದಲಿಸಿ ಕಳಿಸುತ್ತದೆ. ಅದು ಸರಿಯಾಗಿ ಆದರೆ ಕಿವಿಗೆ ತಿಳಿಯುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಈಚಿನ ಚಿತ್ರಗೀತೆಗಳನ್ನು ಅಂಚಿನವರೆಗೆ ತುಂಬಿ ಮಾಸ್ಟರ್ ಮಾಡಿರುತ್ತಾರೆ. ಎರಡು ಅಂಕಿಗಳ ನಡುವಿನ ನಿಜವಾದ ಅಲೆ ಅಂಕಿಗಳಿಗಿಂತ ಮೇಲೆ ಹೋದಾಗ ಕೆಲವು ಡ್ಯಾಕುಗಳೊಳಗೆ ಅದು ಕತ್ತರಿಸಿಹೋಗುತ್ತದೆ. ಕಂಪ್ಯೂಟರಿನ ವಾಲ್ಯೂಮನ್ನು 3 ಡೆಸಿಬೆಲ್ ಇಳಿಸಿಟ್ಟರೆ ಆ ಒಡಕು ಹೋಗುತ್ತದೆ. 24 ಬಿಟ್ ದಾರಿಯಲ್ಲಿ ಅಷ್ಟಕ್ಕೆ ನಷ್ಟವೇನಿಲ್ಲ.

ಪರೀಕ್ಷೆಗೆ ಇಷ್ಟು: ಪ್ರತಿಯೊಂದು ಇನ್‌ಪುಟ್ಟನ್ನೂ ಬಳಸದಿದ್ದರೂ ಒಮ್ಮೆ ಹಾಕಿ ನೋಡಿ. ಹಾಡು ನಿಲ್ಲಿಸಿ, ಆಂಪನ್ನು ನೀವು ಎಂದೂ ದಾಟದ ಮಟ್ಟಕ್ಕೆ ಏರಿಸಿ, ಟ್ವೀಟರಿಗೆ ಕಿವಿ ತನ್ನಿ. ಕೂರುವ ಜಾಗದವರೆಗೆ ಸುಸ್ ಬಂದರೆ ಹಿಂತಿರುಗಿಸಿ. ಎಡ-ಬಲ ಅದಲುಬದಲಾಗಿಲ್ಲವೇ ಖಾತ್ರಿ ಮಾಡಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ ಮೊದಲ ಅಕ್ಷರ ನುಂಗಿಹೋಗುತ್ತದೆಯೇ ಗಮನಿಸಿ. ಸಿಗ್ನಲ್ ನಿಂತಾಗ ಬಾಯಿ ಮುಚ್ಚಿಕೊಂಡು ತೆರೆಯಲು ಅರ್ಧ ಸೆಕೆಂಡ್ ತೆಗೆದುಕೊಳ್ಳುವ ಡ್ಯಾಕುಗಳಿವೆ, ವಾರ್ತೆ ಕೇಳುವಾಗ ಇದು ತಲೆನೋವು.

ಹಳೆಯದಕ್ಕೂ ಹೊಸದಕ್ಕೂ ಹೋಲಿಸುವುದಾದರೆ ಮೊದಲು ಮಟ್ಟ ಸಮ ಮಾಡಿ, ಏಕೆಂದರೆ ಅರ್ಧ ಡೆಸಿಬೆಲ್ ಜೋರಿದ್ದದ್ದೇ ‘ಸ್ಪಷ್ಟ’ ಎಂದು ಕೇಳಿಸುತ್ತದೆ. 100 ಹರ್ಟ್ಸ್ ಸ್ವರದ ಫೈಲ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಸ್ಪೀಕರ್ ತುದಿಯಲ್ಲಿ ಅಳೆಯಿರಿ. ಎರಡರ ನಡುವೆ ಶೇ. 1ಕ್ಕಿಂತ ಹೆಚ್ಚು ಅಂತರವಿರಬಾರದು. 1,000 ಹರ್ಟ್ಸ್ ಬೇಡ, ಅಗ್ಗದ ಮೀಟರುಗಳು 400ರ ಮೇಲೆ ಸುಳ್ಳು ಹೇಳುತ್ತವೆ. ಆಮೇಲೆ ಮನೆಯ ಬೇರೊಬ್ಬರು ನಿಮಗೆ ಕಾಣದಂತೆ ಬದಲಿಸಲಿ. ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳಿದರೆ ಹೊಸದು ಇಟ್ಟುಕೊಳ್ಳಿ.

ದುಡ್ಡಿನ ಮಾತು ಎಂದರೆ, ಟಿವಿಗೆ ಮತ್ತು ಹಳೆಯ ಆಂಪಿಗೆ ನಡುವೆ ಸೇತುವೆಯಷ್ಟೇ ಸಾಕಾದವರಿಗೆ ಮೊದಲು ಹೇಳಿದ ಕೆಲವು ನೂರು ರೂಪಾಯಿಯ ಕಪ್ಪು ಡಬ್ಬಿಯೂ ಕೆಲಸ ಮಾಡುತ್ತದೆ. ಅದರ ಸುಸ್ ಸಹಿಸಲಾಗದಿದ್ದರೆ ಮೊದಲು ಟಿವಿಯ ಯುಎಸ್‌ಬಿ ಬದಲು ಬೇರೆ 5 ವೋಲ್ಟ್ ಚಾರ್ಜರಿನಿಂದ ಪವರ್ ಕೊಟ್ಟು ನೋಡಿ. ಸಂಗೀತಕ್ಕಾಗಿ ಕೂರುವವರು ಸ್ಪೀಕರು-ಆಂಪಿನ ಒಟ್ಟು ಬೆಲೆಯ ಐದನೇ ಒಂದು ಪಾಲಿಗಿಂತ ಹೆಚ್ಚು ಡ್ಯಾಕಿಗೆ ಸುರಿಯಬೇಡಿ. ಹೊರದೇಶದಿಂದ ನೇರ ತರಿಸಿದರೆ ಬೆಲೆಯ ಮೇಲೆ ಸುಂಕ, ತೆರಿಗೆ ಕೂಡುತ್ತದೆ, ಕೆಟ್ಟರೆ ವಾಪಸು ಕಳಿಸುವ ಅಂಚೆ ಖರ್ಚೂ ನಿಮ್ಮದೇ. ಭಾರತದ ಅಧಿಕೃತ ಮಾರಾಟಗಾರರ ವಾರಂಟಿ ಚೀಟಿಗೆ ಹತ್ತು-ಹದಿನೈದು ಶೇಕಡಾ ಹೆಚ್ಚು ಕೊಡಬಹುದು.

ಆನ್ ಮಾಡುವಾಗ ಡ್ಯಾಕ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು. ಹೀಗಾದರೆ ಡ್ಯಾಕಿನ ಟಪ್ ಸ್ಪೀಕರಿಗೆ ತಲುಪುವುದಿಲ್ಲ. ಪದೇ ಪದೇ ಕರೆಂಟು ಹೋಗುವ ಊರಿನಲ್ಲಿ ಔಟ್‌ಪುಟ್ಟಿನಲ್ಲಿ ಮ್ಯೂಟ್ ರಿಲೇ (ಸ್ವಲ್ಪ ಹೊತ್ತು ಸದ್ದು ತಡೆದಿಡುವ ಸ್ವಿಚ್) ಇರುವ ಡ್ಯಾಕೇ ಇರಲಿ, ಆನ್ ಮಾಡಿದ ಒಂದೆರಡು ಸೆಕೆಂಡಿಗೆ ಒಳಗಿಂದ ‘ಟಿಕ್’ ಎಂದು ಕೇಳಿಸುತ್ತದೆ. ಇನ್ನು ಅಡಾಪ್ಟರು: 5 ವೋಲ್ಟಿನದು, 12ರದು, 15ರದು, ಮೂರಕ್ಕೂ ಒಂದೇ ಅಳತೆಯ ದುಂಡು ಪಿನ್ ಇರುವುದುಂಟು. ರೌಟರಿನ 12 ವೋಲ್ಟ್ ಪಿನ್ನು 5 ವೋಲ್ಟಿನ ಡ್ಯಾಕಿಗೆ ಸಲೀಸಾಗಿ ಕೂರುತ್ತದೆ, ಡ್ಯಾಕ್ ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ಬಿಚ್ಚಿದ ದಿನವೇ ಅಡಾಪ್ಟರಿನ ಮೇಲೆ ಬಿಳಿ ಟೇಪ್ ಸುತ್ತಿ ‘ಡ್ಯಾಕ್’ ಎಂದು ಬರೆದಿಡಿ.